ತುರಹಳ್ಳಿ ಕಾಡಿನ ಸೈಕಲ್ ಹಾದಿ: ಮಳೆ ಬಿದ್ದ ಮರುದಿನ ಯಾಕೆ ಇಳಿಯಬಾರದು?

ಬೆಂಗಳೂರು ದಕ್ಷಿಣ: ಕನಕಪುರ ರಸ್ತೆಗೂ ಉತ್ತರಹಳ್ಳಿ-ಕೆಂಗೇರಿ ಕಡೆಗೂ ನಡುವೆ, ಸುತ್ತ ಬಡಾವಣೆಗಳು ಎದ್ದರೂ ಉಳಿದುಕೊಂಡಿರುವುದು ತುರಹಳ್ಳಿ ಕಾಡು. ನೀಲಗಿರಿ, ಕುರುಚಲು ಗಿಡ, ನಡುನಡುವೆ ದೊಡ್ಡ ಬಂಡೆಗಳು. ವಾಕಿಂಗ್ ಬರೋರು, ಬಂಡೆ ಹತ್ತೋರು, ಹಕ್ಕಿ ನೋಡೋರ ಜೊತೆಗೆ ಮೌಂಟನ್ ಬೈಕ್ ಸವಾರರಿಗೂ ಇದು ಬಹಳ ವರ್ಷಗಳಿಂದ ಪರಿಚಿತ ಜಾಗ.

ಅವರು ಹುಡುಕಿಕೊಂಡು ಬರುವುದು ಸಿಂಗಲ್‌ಟ್ರ್ಯಾಕ್. ಅಂದರೆ ಒಂದು ಸಲಕ್ಕೆ ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ಹಾದಿ. ನಮ್ಮ ಕಡೆ ದನ, ಜನ ನಡೆದು ಸವೆದ ಕಾಲುದಾರಿ ಇದ್ದಂಗೇ. ಗುಡ್ಡದಲ್ಲಿ ಸೈಕಲ್ ಇಳಿಸುವ ಈ ಹುಚ್ಚು ಜೋರಾದದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಅದೂ ಹಳೇ ದಪ್ಪ ಟೈರಿನ ಸೈಕಲ್‌ಗಳಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಅದು ಸೇರಿತು.

ಸೈಕಲ್ ಓಡಿದರೆ ಹಾದಿ ಹಾಳಾಗುತ್ತೆ ಅನ್ನೋ ದೂರು ಸಾಮಾನ್ಯ. ದೂರಿನಲ್ಲಿ ಹುರುಳಿದೆ, ಆದರೆ ಹಾದಿಯನ್ನು ನಿಜವಾಗಿ ಕೊಚ್ಚಿ ಒಯ್ಯೋದು ನೀರು. ಒದ್ದೆ ಕೆಂಪು ಮಣ್ಣಿನಲ್ಲಿ ಟೈರು ಗೆರೆ ಕೊರೆಯುತ್ತೆ. ಮುಂದಿನ ಮಳೆಯಲ್ಲಿ ಆ ಗೆರೆಯೇ ಕಾಲುವೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಚಕ್ರ ಜಾರಿಸಿದರೆ ಮೇಲ್ಮಣ್ಣು ಸಡಿಲವಾಗಿ ಕೊರೆತ ಇನ್ನೂ ಬೇಗ. ಕೆಸರು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹತ್ತಿಸಿದರೆ ಒಂದಡಿಯ ಹಾದಿ ನಾಲ್ಕಡಿ ಆಗುತ್ತೆ, ಸಸಿಗಳು ಸಾಯುತ್ತವೆ. ಹಾಗಾಗಿ ಟೈರಿಗೆ ಮಣ್ಣು ಮೆತ್ತಿಕೊಳ್ಳುತ್ತಿದ್ದರೆ ಅವತ್ತು ಸವಾರಿ ಬೇಡ, ವಾಪಸ್ ಹೋಗೋದೇ ಸರಿ.

ಹಾದಿ ಮಾಡುವವರು ಪಾಲಿಸುವ ಲೆಕ್ಕವೂ ನೀರಿನದೇ. ಹಾದಿ ಗುಡ್ಡವನ್ನು ನೇರ ಸೀಳಬಾರದು, ಓರೆಯಾಗಿ ಸುತ್ತಬೇಕು. ಸರಾಸರಿ ಏರು ಶೇ 10ರೊಳಗೆ, ಅಂದರೆ 100 ಮೀಟರ್ ಸಾಗಿದರೆ 10 ಮೀಟರ್ ಏರಿಕೆ. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಹಾದಿ ಕಡಿದಾಗಿರಬಾರದು. ಹೊರ ಅಂಚು ಸ್ವಲ್ಪ ತಗ್ಗಿರಬೇಕು, ಅಲ್ಲಲ್ಲಿ ಹಾದಿ ಇಳಿದು ಮತ್ತೆ ಏರಬೇಕು, ಆಗ ನೀರು ಹಾದಿಯುದ್ದ ಓಡದೆ ಪಕ್ಕಕ್ಕೆ ಹರಿದು ಹೋಗುತ್ತೆ. ನಮ್ಮ ಕಾಲುದಾರಿಗಳನ್ನು ಯಾರೂ ಹೀಗೆ ಅಳೆದು ಮಾಡಿದ್ದಲ್ಲ. ನೇರ ಇಳಿಯುವ ಕಡೆಯೆಲ್ಲ ಕೊರಕಲು ಬೀಳೋದು ಅದಕ್ಕೇ.

ಪಂಕ್ಚರ್ ಅಂಗಡಿಯವರಿಗೆ ಒಂದು ಮಾತು. ಕುರುಚಲು ಕಾಡಿನಲ್ಲಿ ಜಾಲಿ ಮುಳ್ಳು ಕಾಟ ಇದ್ದೇ ಇರುತ್ತೆ. ಈ ಸೈಕಲ್‌ಗಳ ಟೈರು 2 ಇಂಚಿಗಿಂತ ದಪ್ಪ, ಹಲವಕ್ಕೆ ಟ್ಯೂಬೇ ಇಲ್ಲ, ಒಳಗೆ ಸೀಲೆಂಟ್ ದ್ರವ ಇರುತ್ತೆ. ವಾಲ್ವ್ ಸಣ್ಣದು, ಪ್ರೆಸ್ಟಾ ಅಂತಾರೆ. ಬೈಕ್, ಸ್ಕೂಟರಿಗೆ ಗಾಳಿ ಹಾಕುವ ನಳಿಕೆ ಅದಕ್ಕೆ ಕೂರಲ್ಲ. ಚಿಕ್ಕದೊಂದು ಅಡಾಪ್ಟರ್ ಇಟ್ಟುಕೊಂಡರೆ ಗಿರಾಕಿ ವಾಪಸ್ ಹೋಗಲ್ಲ. ಗಾಳಿ ಗಟ್ಟಿಯಾಗಿ ತುಂಬೋದು ಬೇಡ. ಮಣ್ಣಿನ ಹಾದಿಗೆ ಕಡಿಮೆ ಒತ್ತಡವೇ ಹಿಡಿತ ಕೊಡೋದು.

2021ರ ಆರಂಭದಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂದಾಗ ಸುತ್ತಲಿನ ನಿವಾಸಿಗಳು ಪ್ರತಿಭಟಿಸಿದ್ದರು. ಕಾಡು ಕಾಡಾಗಿಯೇ ಇರಲಿ ಅನ್ನೋದು ಅವರ ಒತ್ತಾಯ. ಆ ಮಾತು ಸೈಕಲ್ ಸವಾರರಿಗೂ ಅನ್ವಯ. ಕಾಂಕ್ರೀಟ್ ಬೇಡ ಅಂದವರೇ ಕೊಂಬೆ ಕಡಿದು, ಗುಂಡಿ ತೋಡಿ ಜಂಪ್ ಕಟ್ಟಿದರೆ ಆ ಮಾತಿಗೆ ಬೆಲೆ ಎಲ್ಲಿ?

ಜಾಗ ಅರಣ್ಯ ಇಲಾಖೆಯದು. ಪ್ರವೇಶ, ಸಮಯ, ಸೈಕಲ್‌ಗೆ ಅನುಮತಿ ಇದೆಯೋ ಇಲ್ಲವೋ ಅನ್ನೋದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಹೋಗಬೇಕು. ನಡೆದು ಬರುವವರಿಗೆ, ಮೇಯಿಸಿಕೊಂಡು ಬರುವ ದನಕ್ಕೆ ದಾರಿ ಬಿಡೋದು ಸವಾರನ ಕೆಲಸ, ತಿರುವಿನಲ್ಲಿ ಬೆಲ್ ಹೊಡೆಯಲೇಬೇಕು. 2022ರ ಡಿಸೆಂಬರ್‌ನಲ್ಲಿ ಈ ಭಾಗದಲ್ಲಿ ಚಿರತೆ ಕಾಣಿಸಿಕೊಂಡಿತ್ತು. ನಸುಕಿನಲ್ಲಿ, ಕತ್ತಲಾದ ಮೇಲೆ ಒಬ್ಬರೇ ಒಳಗೆ ಹೋಗಬೇಡಿ.