ಸಂಶ್ಲೇಷಿತ ಕಾಗದದ ಮೇಲೆ ನೀಹಾರಿಕೆ

ಅಂತರಿಕ್ಷವನ್ನು ವಸ್ತುವಾಗಿಸಿಕೊಂಡ ಪ್ರಾಯೋಗಿಕ ಅಮೂರ್ತ ಚಿತ್ರಗಳಿಗೆ ಸಂಶ್ಲೇಷಿತ ಕಾಗದ ಬಳಕೆಗೆ ಬಂದಿದೆ. ಹೆಸರಿಗಷ್ಟೇ ಇದು ಕಾಗದ. ಮರದ ನಾರಿನ ಸೋಂಕೂ ಇಲ್ಲ. ಪಾಲಿಪ್ರೊಪಿಲಿನ್‌ಗೆ ಖನಿಜದ ಪುಡಿ ಬೆರೆಸಿ, ಹಿಗ್ಗಿಸಿ ತಯಾರಿಸಲಾಗುತ್ತದೆ. ಜಪಾನಿನ ‘ಯೂಪೊ’ ಪ್ರಸಿದ್ಧ.

ಈ ಹಾಳೆ ಬಣ್ಣವನ್ನು ಹೀರುವುದಿಲ್ಲ. ಆದ್ದರಿಂದ ಆಲ್ಕೋಹಾಲ್ ಶಾಯಿಯ ಹನಿಗಳು ಮೇಲ್ಮೈಯಲ್ಲೇ ಹರಡಿ, ಒಂದನ್ನೊಂದು ತಳ್ಳಿ, ಅಂಚುಗಟ್ಟಿ ಆರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನ ತೊಟ್ಟು ಬಿದ್ದರೆ ಆರಿದ ಬಣ್ಣವೂ ಮತ್ತೆ ಕರಗಿ ಉಂಗುರವಾಗುತ್ತದೆ. ನೀಹಾರಿಕೆಯ ಭ್ರಮೆ ಹುಟ್ಟುವುದು ಇಲ್ಲಿಯೇ. ನಕ್ಷತ್ರಗಳಿಗೆ ಹಲ್ಲುಜ್ಜುವ ಬ್ರಷ್ಷಿನಿಂದ ಸಿಡಿಸಿದ ಬಿಳಿ ಅಕ್ರಿಲಿಕ್ ಸಾಕು.

ರೋಣ, ನರಗುಂದ, ಗಜೇಂದ್ರಗಡದಂಥ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ನಡುಹಗಲು ಈ ಕೆಲಸಕ್ಕೆ ಒಗ್ಗದು. ಬಿಸಿಗಾಳಿಗೆ ಶಾಯಿ ಹರಿಯುವ ಮುನ್ನವೇ ಆರಿಬಿಡುತ್ತದೆ. ಮುಂಜಾವು ಲೇಸು. ಆದರೆ ಕಿಟಕಿ ಮುಚ್ಚುವಂತಿಲ್ಲ: ಆಲ್ಕೋಹಾಲಿನ ಆವಿ ತಲೆಸುತ್ತು ತರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ.

ಇದು ಕಲೆಯೋ, ಆಕಸ್ಮಿಕವೋ ಎಂಬ ಆಕ್ಷೇಪ ಉಂಟು. ಹರಿವನ್ನು ಎಲ್ಲಿ ತಡೆಯಬೇಕೆಂಬ ನಿರ್ಧಾರವಾದರೂ ಕಲಾವಿದರದೇ. ಬಣ್ಣ ನಿಜವಲ್ಲವೆಂಬ ತಕರಾರಂತೂ ನಿಲ್ಲದು. ಹಬಲ್ ದೂರದರ್ಶಕ 1995ರಲ್ಲಿ ಸೆರೆಹಿಡಿದ ‘ಸೃಷ್ಟಿಯ ಸ್ತಂಭಗಳು’ ಚಿತ್ರದ ಬಣ್ಣಗಳೂ ಕಣ್ಣಿಗೆ ಕಾಣುವಂಥವಲ್ಲ. ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ವಿಜ್ಞಾನಿಗಳು ನಿಗದಿಪಡಿಸಿದಂಥವು.

ಗಂಭೀರ ದೋಷ ಬಾಳಿಕೆಯದು. ಹಾಳೆ ಹರಿಯದು, ನೀರಿಗೂ ಕೆಡದು. ಶಾಯಿ ಮಾತ್ರ ಬೆಳಕಿಗೆ ಮಾಸುತ್ತದೆ. ಚಿತ್ರ ಮಾರುವವರು ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸುವುದು ನ್ಯಾಯ. ಅತಿನೇರಳೆ ಕಿರಣ ತಡೆಯುವ ವಾರ್ನಿಷ್ ಮಾಸುವಿಕೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸದು. ಅದನ್ನೂ ಸಿಂಪಡಿಸಬೇಕು, ಕುಂಚದಿಂದ ಬಳಿದರೆ ಚಿತ್ರವೇ ಕಲಸಿಹೋದೀತು.