ತೊಳೆದ ಕೌದಿಯ ಸುಕ್ಕು: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಮನೆಬಟ್ಟೆಯ ಚರಿತ್ರೆಗೆ ಒಂದು ಆಕರ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಪರದೆ ಮೇಲೆ ಕಾಣಿಸ್ತಿರೋದು ಕಲ್ಯಾಣದುರ್ಗದ ನಮ್ಮ ಅಜ್ಜಿ ಮನೆಯ ಕೌದಿ. ನಮ್ಮ ಸೀಮೆಯಲ್ಲಿ ತೆಲುಗು ಮಾತಾಡೋರು ಇದನ್ನ ಬೊಂತ ಅಂತಾರೆ. ಕನ್ನಡದಲ್ಲೂ ಬೊಂತೆ ಅನ್ನೋ ಹಳೇ ಮಾತಿದೆ. ಅಂಚು ಸವೆದಿತ್ತು ಅಂತ ಹಿಂದೂಪುರದಲ್ಲಿರೋ ನಮ್ಮಮ್ಮ ಸುತ್ತಲೂ ಹೊಸ ಕೋರಾ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದರು. ಆಮೇಲೆ ವಾಷಿಂಗ್ ಮೆಷಿನ್‌ಗೆ ಹಾಕಿದರು. ಒಣಗಿದ ಮೇಲೆ ನೋಡಿದರೆ ಅಂಚು ಎಳ್ಕೊಂಡು, ನಡುಭಾಗ ಉಬ್ಬಿ, ಕೌದಿ ಬುಟ್ಟಿ ಥರ ಆಗಿತ್ತು. ಇದನ್ನ ವಿಭಾಗದ ಸಂಗ್ರಹಕ್ಕೆ ತರೋದು ಅಂತ ಮೊದಲೇ ಮಾತಾಗಿತ್ತು. ಫೋಟೋ ತೆಗೆಯೋ ಮುಂಚೆ ಚೆನ್ನಾಗಿ ಇಸ್ತ್ರಿ ಮಾಡಿಸಿ ಅನ್ನೋ ಸಲಹೆಯೂ ಬಂತು. ಇಸ್ತ್ರಿ ಮಾಡಿಸಬೇಕೋ ಬೇಡವೋ ಅನ್ನೋ ಪ್ರಶ್ನೆಯಿಂದಲೇ ಈ ಪ್ರಬಂಧ ಹುಟ್ಟಿದ್ದು.

ಕಡತಕ್ಕೆ ಬಾರದ ಬಟ್ಟೆ

ಬಟ್ಟೆಯ ವಿಷಯದಲ್ಲಿ ಈ ಸೀಮೆ ಬಡವಲ್ಲ. ಹಿಂದೂಪುರದ ಹತ್ತಿರದ ಲೇಪಾಕ್ಷಿಯಲ್ಲಿ 16ನೇ ಶತಮಾನದ ಛಾವಣಿ ಚಿತ್ರಗಳಿವೆ. ಅಲ್ಲಿನ ಸೀರೆಗಳ ಅಂಚು, ಒಡಲಿನ ವಿನ್ಯಾಸಗಳನ್ನ ಇವತ್ತಿಗೂ ನೇಕಾರರು ನೋಡಿ ನಕಲು ಮಾಡ್ತಾರೆ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ದತ್ತ ಮಂಡಲದಲ್ಲಿ ಮಗ್ಗಗಳ ಮೇಲೆ ಮೊಹತರ್ಫ ತೆರಿಗೆ ಇತ್ತು. ಹಾಗಾಗಿ ಮಗ್ಗದ ಲೆಕ್ಕ ಕಡತ ಸೇರಿತು. ಇಲ್ಲಿ 1807ರವರೆಗೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ 1813ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಸಾಕ್ಷಿ ಹೇಳುವಾಗ, ತಾನು 7 ವರ್ಷ ಬಳಸಿದ ಭಾರತದ ಶಾಲಿಗೂ ಹೊಸದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಅಂದಿದ್ದ.

ಆದರೆ ಕೌದಿಗೆ ತೆರಿಗೆ ಇಲ್ಲ. ಮನೆಯಲ್ಲಿ ಹೆಂಗಸರು ಹೊಲಿದದ್ದು ಮನೆಯಲ್ಲೇ ಸವೆದುಹೋಗ್ತಿತ್ತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯ್ತು, 1953ರಲ್ಲಿ ಆಂಧ್ರ ರಾಜ್ಯ ಬಂತು, 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ ಕಲ್ಯಾಣದುರ್ಗ ಅನಂತಪುರದಲ್ಲೇ ಉಳೀತು. ಇಷ್ಟಕ್ಕೂ ಕಡತ ಇದೆ. ಕೌದಿಗೆ ಮಾತ್ರ ಕೌದಿಯೇ ದಾಖಲೆ. ಹಾಗಿದ್ದಮೇಲೆ ಅದನ್ನ ಓದೋದು ಹೇಗೆ?

ಸುಕ್ಕು ಯಾಕೆ ಬರುತ್ತೆ

ಮಗ್ಗದಲ್ಲಿ, ಅದರಲ್ಲೂ ಮಿಲ್ಲಿನಲ್ಲಿ, ನೂಲನ್ನ ಬಿಗಿಯಾಗಿ ಎಳೆದೇ ನೇಯೋದು. ನೀರು ತಾಗಿದಾಗ ಹತ್ತಿಯ ಎಳೆ ಉಬ್ಬುತ್ತೆ, ಆ ಬಿಗಿ ಸಡಿಲವಾಗುತ್ತೆ, ಬಟ್ಟೆ ಕುಗ್ಗುತ್ತೆ. ಸಾಮಾನ್ಯವಾಗಿ ಹೊಕ್ಕಿಗಿಂತ ಹಾಸಿನ ಉದ್ದದಲ್ಲಿ ಕುಗ್ಗೋದು ಜಾಸ್ತಿ. ನೂರಾರು ಸಲ ಒಗೆದ ಸೀರೆಯಲ್ಲಿ ಕುಗ್ಗೋಕೆ ಏನೂ ಉಳಿದಿರಲ್ಲ. ಪಾಲಿಯೆಸ್ಟರ್ ಅಂತೂ ಒಗೆಯುವ ನೀರಿಗೆ ಹೆಚ್ಚುಕಡಿಮೆ ಕುಗ್ಗೋದೇ ಇಲ್ಲ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ಸಾಲು ಸಾಲು ಹೊಲಿದಾಗ, ಒಂದು ಪದರ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ, ಕುಗ್ಗದೇ ಇದ್ದದ್ದು ಉಬ್ಬಲೇಬೇಕು. ಸುಕ್ಕು ಅಂದ್ರೆ ಇಷ್ಟೇ.

ಇದರ ಮೇಲೆ ನೋಡಿದರೆ ಕೌದಿಯ ಸುಕ್ಕಿನಲ್ಲಿ ಮೂರು ಬಗೆ ಗುರುತಿಸಬಹುದು.

ಒಂದು, ಎಲ್ಲಾ ಹೊಲಿಗೆ ಸಾಲಿನಲ್ಲೂ ಒಂದೇ ಸಮನೆ ಬಂದ ಸಣ್ಣ ಮುದುರು. ಇಲ್ಲಿ ಕುಗ್ಗಿದ್ದು ದಾರ, ಇಲ್ಲವೇ ಹೊಲಿದ ಕೈ ದಾರವನ್ನ ಬಿಗಿಯಾಗಿ ಎಳೆದಿದೆ.

ಎರಡು, ತೇಪೆ ಬಿಗಿದು ನಿಂತು ಅದರ ಸುತ್ತಲಿನ ಬಟ್ಟೆ ಉಬ್ಬಿರೋದು. ಹಾಗಿದ್ದರೆ ಹೊಲಿದಾಗ ತೇಪೆ ಹೊಸ ಹತ್ತಿ ಬಟ್ಟೆ, ಒಗೆಯದೆ ಹಾಕಿದ್ದಾರೆ.

ಮೂರು, ತೇಪೆಯೇ ಗುಳ್ಳೆಯಂತೆ ಎದ್ದಿರೋದು. ಅಲ್ಲಿ ಕೆಳಗಿನ ಪದರ ಕುಗ್ಗಿದೆ, ತೇಪೆ ಕುಗ್ಗಿಲ್ಲ. ಹೆಚ್ಚಾಗಿ ಅದು ಟೆರಿಕಾಟ್ ಅಥವಾ ಪಾಲಿಯೆಸ್ಟರ್ ಆಗಿರುತ್ತೆ.

ಅಜ್ಜಿಯ ಕೌದಿಯ ನಡುವೆ ಒಂದು ಕೆಂಪು ತುಂಡಿದೆ. ಅದರ ಸುತ್ತ ಎರಡನೇ ಬಗೆಯ ಹಳೇ ಸುಕ್ಕು. ಈ ಕೌದಿ ಪೂರ್ತಿ ಮನೆಯ ಹಳೇ ಸೀರೆ, ಪಂಚೆಗಳದ್ದು ಅಂತಲೇ ನಾನು ಬರ್ಕೊಂಡಿದ್ದೆ. ಅಜ್ಜಿ ಬೆರಳಿಟ್ಟು ತೋರಿಸಿ, "ಇದು ಮನೇದಲ್ಲ ಕಣವ್ವ, ಟೈಲರ್ ಅಂಗಡಿ ಕಟಿಂಗು. ಹೊಸಾ ಬಟ್ಟೆ, ಅದ್ಕೇ ಎಳ್ಕೊಂಡೈತೆ. ನಿಮ್ಮಮ್ಮನೂ ಅದೇ ತಪ್ಪು ಮಾಡವ್ಳೆ" ಅಂದರು. ಸುಕ್ಕು ಹೇಳಿದ್ದನ್ನ ಅಜ್ಜಿಯ ನೆನಪೂ ಹೇಳಿತು. ನನ್ನ ಟಿಪ್ಪಣಿ ತಿದ್ದಬೇಕಾಯ್ತು.

ಹಳೇ ಬಟ್ಟೆ ಬಡತನ ಮಾತ್ರವಲ್ಲ

ಕೌದಿಗೆ ಹಳೇ ಬಟ್ಟೆ ಹಾಕೋದನ್ನ ನಾವು ಬಡತನ, ಉಳಿತಾಯ ಅಂತಷ್ಟೇ ವಿವರಿಸ್ತೀವಿ. ಅದು ನಿಜ, ಆದರೆ ಅರ್ಧ. ಕುಗ್ಗಿ ಮುಗಿದ ಬಟ್ಟೆಯನ್ನೇ ಆರಿಸೋದು ಒಂದು ತಾಂತ್ರಿಕ ತಿಳಿವಳಿಕೆ ಕೂಡ. ಹಳೇ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆ ಹಾಕಬಾರದು ಅನ್ನೋ ದೃಷ್ಟಾಂತ ಬೈಬಲ್ಲಿನಲ್ಲೂ ಇದೆ. ಅಂದ್ರೆ ಈ ಅರಿವು ಎಷ್ಟೋ ಊರುಗಳ ಹೊಲಿಯೋ ಕೈಗಳಿಗೆ ಇತ್ತು. ಮಿಲ್ಲಿನಲ್ಲೇ ಬಟ್ಟೆಯನ್ನ ಮೊದಲೇ ಕುಗ್ಗಿಸೋ ಸ್ಯಾನ್‌ಫರೈಸಿಂಗ್ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ನಮ್ಮ ಮನೆಗಳಲ್ಲಿ ಆ ಕೆಲಸವನ್ನ ಒಗೆಯೋ ಕಲ್ಲು ಮಾಡ್ತಿತ್ತು.

ಈ ಕ್ರಮ ತಪ್ಪಿದ್ದು ಯಾವಾಗ? ಟೆರಿಕಾಟ್, ನೈಲಾನ್ ಸೀರೆಗಳು ಬಂದಮೇಲೆ ಪದರಗಳು ಬೆರಕೆಯಾದವು. 1985ರ ಜವಳಿ ನೀತಿ ಕೃತಕ ನೂಲಿಗೆ ದಾರಿ ಇನ್ನಷ್ಟು ಅಗಲ ಮಾಡಿತು. ಈಗ ಗಾರ್ಮೆಂಟ್ಸ್ ಕಟಿಂಗ್ ಚೂರು ಸುಲಭವಾಗಿ ಸಿಗುತ್ತೆ. ಅದು ಒಮ್ಮೆಯೂ ನೀರು ಕಾಣದ ಬಟ್ಟೆ. ಜೊತೆಗೆ ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸೋಪು ಅದರಲ್ಲಿ ನೊರೆ ಬಿಡದೆ ಜಿಡ್ಡಾಗಿ ಬಟ್ಟೆಗೆ ಕೂರುತ್ತೆ, ಬಟ್ಟೆ ಬಿರುಸಾಗುತ್ತೆ, ಬಂದ ಸುಕ್ಕು ಹಾಗೇ ನಿಲ್ಲುತ್ತೆ. ಹಾಗಾಗಿ ಸುಕ್ಕು ಅಂದ್ರೆ ಮುದಿತನ ಅನ್ನೋ ನಮ್ಮ ಲೆಕ್ಕ ಕೌದಿಗೆ ಹೊಂದಲ್ಲ. ಇಲ್ಲಿ ಸುಕ್ಕು ತರೋದು ಹೊಸತನ.

ಇದರಿಂದ ನಷ್ಟ ಆಗೋದು ಹೊಲಿಯೋರಿಗೆ. ಮಾರೋಕೆ ಹೊಲಿದ ಕೌದಿಗೆ ಕೊಳ್ಳೋರು ಹೊಸ ಬಟ್ಟೆಯೇ ಬೇಕು ಅಂತಾರೆ; ಒಂದು ಒಗೆತಕ್ಕೆ ಸುಕ್ಕಾದರೆ ಹೊಲಿಗೆ ಸರಿಯಿಲ್ಲ ಅಂತಾರೆ. ತಪ್ಪು ಬಟ್ಟೆಯದು, ಮಾತು ಕೈಗೆ. ಅಮೆರಿಕದ ಕ್ವಿಲ್ಟ್‌ಗಳಲ್ಲಿ ಒಳಗಿನ ಹತ್ತಿಯ ಪದರ ಕುಗ್ಗಿ ಬರೋ ಇಂಥದೇ ಮುದುರನ್ನ ಚೆಂದ ಅಂತ ಮೆಚ್ಚೋರೂ ಇದ್ದಾರೆ.

ಪ್ರಶ್ನೋತ್ತರ

*ಅಧ್ಯಾಪಕರೊಬ್ಬರು:* ಸುಕ್ಕಿನಿಂದ ಕಾಲನಿರ್ಣಯ ಮಾಡಬಹುದು ಅಂತೀರಾ?

ಇಲ್ಲ ಸರ್. ಇಸವಿ ಸಿಗಲ್ಲ. ಯಾವುದು ಹೊಲಿದಾಗ ಹೊಸದಾಗಿತ್ತು, ಯಾವುದು ಬಳಸಿದ್ದು ಅನ್ನೋ ಸೂಚನೆ ಮಾತ್ರ. ಮೊದಲೇ ಕುಗ್ಗಿಸಿದ ಮಿಲ್ ಬಟ್ಟೆ ನಮ್ಮನ್ನ ಮೋಸ ಮಾಡಬಹುದು. ಬಟ್ಟೆಯ ಜಾತಿ, ಹೊಲಿಗೆ, ಮನೆಯವರ ನೆನಪು ಮೂರನ್ನೂ ಸೇರಿಸಿಯೇ ಓದಬೇಕು.

*ಸಹಪಾಠಿಯೊಬ್ಬರು:* ಹಾಗಾದ್ರೆ ಮನೆಯಲ್ಲಿ ಹೊದೆಯೋ ಕೌದಿ ಸುಕ್ಕಾದರೆ ಹಾಗೇ ಬಿಡಬೇಕಾ?

ಬೇಡ, ಅದು ಹೊದೆಯೋ ವಸ್ತು. ಹೊಸ ಬಟ್ಟೆಯನ್ನ ಹೊಲಿಯೋ ಮುಂಚೆಯೇ ಒಂದೆರಡು ಸಲ ಒಗೆದು ಒಣಗಿಸಿ. ಸುಕ್ಕಾಗಿದ್ದರೆ ಮತ್ತೆ ತಣ್ಣೀರಲ್ಲಿ ನೆನೆಸಿ, ಹಿಂಡದೆ ನೀರು ಒತ್ತಿ ತೆಗೆದು, ತಂತಿಗೆ ಹಾಕದೆ ಚಾಪೆ ಮೇಲೆ ಹರಡಿ, ನಡುವಿಂದ ಅಂಚಿಗೆ ಕೈಯಿಂದ ಸವರಿ ನೆರಳಲ್ಲಿ ಒಣಗಿಸಿ. ಪಾಲಿಯೆಸ್ಟರ್ ಇದ್ದರೆ ಬಿಸಿ ಇಸ್ತ್ರಿ ಬೇಡ, ಸುಟ್ಟುಹೋಗುತ್ತೆ. ಇಷ್ಟಕ್ಕೂ ಹೋಗದಿದ್ದರೆ ಎಳ್ಕೊಂಡ ಕಡೆಯ ಹೊಲಿಗೆ ಮಾತ್ರ ಬಿಚ್ಚಿ, ಸಡಿಲವಾಗಿ ಮತ್ತೆ ಹಾಕಿ.

ಸಂಗ್ರಹಕ್ಕೆ ಬರೋ ಕೌದಿಯ ವಿಷಯ ಬೇರೆ. ಅಲ್ಲಿ ನನ್ನ ಕೋರಿಕೆ ಒಂದೇ: ಇಸ್ತ್ರಿ ಮಾಡೋ ಮುಂಚೆ ಎರಡೂ ಬದಿಯ ಫೋಟೋ, ಸುಕ್ಕಿನ ನಕ್ಷೆ, ಹೊಲಿದವರ ಮಾತು, ಮೂರನ್ನೂ ದಾಖಲಿಸೋಣ. ನಮ್ಮ ಕೌದಿಗೆ ಅಷ್ಟನ್ನೂ ಮಾಡಿದ ಮೇಲೆ ಅಮ್ಮ ಕೋರಾ ಪಟ್ಟಿ ಬಿಚ್ಚಿದರು, ಈಗ ಕುಗ್ಗಿ ಮುಗಿದಿರೋ ಅದೇ ಪಟ್ಟಿಗೆ ಒಂದು ತುಂಡು ಸೇರಿಸಿ ಮತ್ತೆ ಹೊಲಿದರು. ಅಂಚು ಈಗ ಸಮ ಕೂತಿದೆ. ಕೆಂಪು ತುಂಡಿನ ಸುತ್ತಲಿನ ಸುಕ್ಕನ್ನ ಮಾತ್ರ ಮುಟ್ಟಿಲ್ಲ.