ಎಡೆದೊರೆ ನಾಡಿನ ಹರಿಗೋಲು

ಮಸ್ಕಿಯಿಂದ ಉತ್ತರಕ್ಕೆ ಹೊರಟರೆ ಕೃಷ್ಣೆ ಸಿಗುತ್ತಾಳೆ, ದಕ್ಷಿಣಕ್ಕೆ ಹೊರಟರೆ ತುಂಗಭದ್ರೆ. ಈ ಎರಡು ನದಿಗಳ ನಡುವಿನ ಸೀಮೆಯನ್ನು ಹಳೆಯ ಕನ್ನಡ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಶತಮಾನಗಳ ಬಳಿಕ ಫಾರ್ಸಿ ಬಲ್ಲವರು ಇದೇ ನೆಲವನ್ನು ದೋಆಬ್ ಎಂದರು. ದೋ ಎಂದರೆ ಎರಡು, ಆಬ್ ಎಂದರೆ ನೀರು. ಭಾಷೆ ಬೇರೆಯಾಯಿತು, ರಾಜರು ಬೇರೆಯಾದರು, ಆದರೆ ಜನ ಈ ನೆಲವನ್ನು ಗುರುತಿಸಿದ್ದು ಅದೇ ಎರಡು ಹೊಳೆಗಳಿಂದ. ಹೀಗಿದ್ದರೂ ಈ ಸೀಮೆಯ ಇತಿಹಾಸ ಬರೆಯುವಾಗ ನಾವು ಕೋಟೆಗಳನ್ನು ಎಣಿಸುತ್ತೇವೆ, ಕಾಳಗಗಳನ್ನು ಎಣಿಸುತ್ತೇವೆ, ಹೊಳೆ ದಾಟಿಸಿದವನನ್ನು ಮಾತ್ರ ಮರೆಯುತ್ತೇವೆ.

ಮಸ್ಕಿ ಲೋಕಕ್ಕೆ ಪರಿಚಯವಾದದ್ದು ಒಂದು ಬಂಡೆಯ ಮೂಲಕ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಬ್ರಾಹ್ಮಿ ಲಿಪಿಯ ಶಾಸನವೊಂದನ್ನು ಕಂಡರು. ಅದರಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅದೇ ಅಶೋಕನ ಶಾಸನಗಳು ತುಂಗಭದ್ರೆಯ ಆಚೆ, ಇಂದಿನ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳದಲ್ಲೂ ಸಿಕ್ಕಿವೆ. ಅಂದರೆ ಸುಮಾರು 2,200 ವರ್ಷಗಳ ಹಿಂದೆ ಚಕ್ರವರ್ತಿಯ ಮಾತು ಹೊಳೆ ದಾಟಿದೆ. ಹೇಗೆ ದಾಟಿತೆಂದು ಬಂಡೆ ಹೇಳುವುದಿಲ್ಲ. ಸಂದೇಶ ಕಳುಹಿಸಿದವನ ಹೆಸರು ಉಳಿಯಿತು, ದಾಟಿಸಿದವನದು ಉಳಿಯಲಿಲ್ಲ. ಈ ಅನ್ಯಾಯ ಅಲ್ಲಿಂದಲೇ ಶುರುವಾದಂತಿದೆ.

ಈ ಸೀಮೆಯ ದೋಣಿಯೆಂದರೆ ಹರಿಗೋಲು. ನಮ್ಮ ಜನರ ಬಾಯಲ್ಲಿ ಅದು ಅರಗೋಲು, ಹರಗೋಲು ಎಂದೆಲ್ಲ ಆಗುತ್ತದೆ. ಬಿದಿರ ದಬ್ಬೆಗಳನ್ನು ಹೆಣೆದು ದೊಡ್ಡ ಬುಟ್ಟಿ ಮಾಡುತ್ತಾರೆ, ಹೊರಗಡೆ ಚರ್ಮ ಹೊದಿಸುತ್ತಾರೆ. ಚರ್ಮದ ಕಾಲ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಮುಂದು ಹಿಂದು ಎಂಬುದಿಲ್ಲ, ಒಂದು ಹುಟ್ಟು ಇದ್ದರೆ ಸಾಕು. ಬಂಡೆಗಳಿಂದ ತುಂಬಿದ, ಬೇಸಿಗೆಯಲ್ಲಿ ಆಳವೇ ಇಲ್ಲದ ನಮ್ಮ ಹೊಳೆಗಳಲ್ಲಿ ಮರದ ದೋಣಿಯ ತಳ ಒಡೆದೀತು. ಹರಿಗೋಲು ಕಲ್ಲಿಗೆ ತಾಗಿದರೂ ಬಾಗಿ, ತಿರುಗಿ ಮುಂದೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಸಣ್ಣ ಹರಿಗೋಲನ್ನು ಅಂಬಿಗ ತಲೆಯ ಮೇಲೆ ಹೊತ್ತು ಮನೆಗೆ ಒಯ್ಯಬಹುದು. ಬುಟ್ಟಿ ಹೆಣೆಯುವ ಮೇದರು, ಚರ್ಮ ಹದ ಮಾಡುವವರು, ಹುಟ್ಟು ಹಾಕುವ ಅಂಬಿಗರು, ಇವರೆಲ್ಲರ ಕೈ ಕೂಡಿದರೆ ಒಂದು ಹರಿಗೋಲು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ನಿಷ್ಠುರ ವಚನಕಾರನನ್ನು ಕೊಟ್ಟದ್ದು ಇದೇ ಕಸುಬು.

ಹರಿಗೋಲನ್ನು ಕಂಡು ಬೆರಗಾಗಿ ಬರೆದಿಟ್ಟವರು ಹೊರಗಿನವರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹದಿನೈದು ಇಪ್ಪತ್ತು ಜನರನ್ನು ಹೊರುವ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುವ ದೋಣಿಗಳ ಬಗ್ಗೆ ಬರೆದ. ಇವು ಸದಾ ಸುತ್ತುತ್ತಲೇ ಸಾಗುತ್ತವೆ ಎಂಬುದನ್ನೂ ಗಮನಿಸಿದ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಗುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸಿದ್ದ. ಬಗ್ದಾದಿನ ಅರಬರು ತಮ್ಮ ದುಂಡು ದೋಣಿಯನ್ನು ಗುಫ್ಫ ಎಂದು ಕರೆಯುತ್ತಿದ್ದರು. ಟೈಗ್ರಿಸ್ ತೀರದ ಅಂಬಿಗನಿಗೂ ತುಂಗಭದ್ರೆಯ ಅಂಬಿಗನಿಗೂ ಪರಸ್ಪರ ಮಾತು ತಿಳಿಯದಿರಬಹುದು, ಒಬ್ಬನ ದೋಣಿ ಇನ್ನೊಬ್ಬನಿಗೆ ಖಂಡಿತ ತಿಳಿಯುತ್ತಿತ್ತು.

ಇನ್ನು ಕಾಳಗಗಳ ಮಾತು. ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ, ಅನಂತರ ಬಿಜಾಪುರದ ಆದಿಲ್ ಶಾಹಿಗಳೂ ಮತ್ತೆ ಮತ್ತೆ ಹೋರಾಡಿದರು. 1398ರಲ್ಲಿ ಫಿರೋಜ್ ಶಾಹ್ ಬಹಮನಿಯ ಸೇನೆ ಒಂದು ದಡದಲ್ಲಿ, ವಿಜಯನಗರದ ಸೇನೆ ಇನ್ನೊಂದು ದಡದಲ್ಲಿ, ನಡುವೆ ತುಂಬಿದ ಕೃಷ್ಣೆ. ಖಾಜಿ ಸಿರಾಜ್ ಎಂಬಾತ ವೇಷ ಮರೆಸಿಕೊಂಡು ಎದುರು ಪಾಳೆಯಕ್ಕೆ ನುಗ್ಗಿ ಗೊಂದಲ ಎಬ್ಬಿಸಿದ, ಆ ಗೊಂದಲದಲ್ಲಿ ಸುಲ್ತಾನನ ಪಡೆ ನದಿ ದಾಟಿತು ಎಂದು ಫೆರಿಷ್ತಾ ಬರೆಯುತ್ತಾನೆ. 1520ರ ರಾಯಚೂರು ಯುದ್ಧದಲ್ಲಿ ನದಿ ಇನ್ನೊಂದು ಬಗೆಯ ತೀರ್ಪು ಕೊಟ್ಟಿತು. ಕೃಷ್ಣೆಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲ್ ಶಾಹ್ ಸೋತಾಗ, ಹಿಮ್ಮೆಟ್ಟಿದ ಸೈನಿಕರಲ್ಲಿ ಎಷ್ಟೋ ಮಂದಿ ಅದೇ ಹೊಳೆಯಲ್ಲಿ ಮುಳುಗಿದರು. ಗೆದ್ದ ಕೃಷ್ಣದೇವರಾಯನ ಪಡೆಯಲ್ಲಿ ಮುಸ್ಲಿಮ್ ಸೈನಿಕರೂ ಇದ್ದರು, ಪೋರ್ಚುಗೀಸ್ ಕೋವಿಗಾರರೂ ಇದ್ದರು. ಇವನ್ನೆಲ್ಲ ಎರಡು ಧರ್ಮಗಳ ಯುದ್ಧವೆಂದು ಓದುವವರು ಈ ಸಂಗತಿಯನ್ನು ಮರೆಯುತ್ತಾರೆ. ಫಲವತ್ತಾದ ನೆಲಕ್ಕಾಗಿ, ಕೋಟೆಗಳಿಗಾಗಿ ನಡೆದ ಜಗಳಗಳಿವು. ಮುಳುಗುವವನ ಜಾತಿ ಮತವನ್ನು ನದಿ ಕೇಳಲಿಲ್ಲ.

1800ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿಗೂ ಮಳೆಗಾಲದ ಹೊಳೆಗಳು ಅಡ್ಡ ಬಂದವು. ಆತ ಈ ನಾಡಿನ ಬುಟ್ಟಿದೋಣಿಗಳನ್ನೇ ಕಟ್ಟಿಸಿ ಬಳಸಿದ. ಆ ವರ್ಷದ ಸೆಪ್ಟೆಂಬರ್ 10ರಂದು ಎರಡು ನದಿಗಳ ನಡುವಿನ ಕೋಣಗಲ್ಲಿನ ಬಳಿ ಧೋಂಡಿಯಾ ಸತ್ತ. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇದೇ ವೆಲ್ಲೆಸ್ಲಿ. ಅವನ ಪತ್ರಗಳು ಅಚ್ಚಾಗಿವೆ. ಅವನ ದೋಣಿಗಳನ್ನು ಹೆಣೆದವರ ಹೆಸರು ಯಾರಿಗೂ ಗೊತ್ತಿಲ್ಲ.

ಇಂದು ಜಗತ್ತಿನಾದ್ಯಂತ ಕಯಾಕ್ ಎಂಬ ಕಿರುದೋಣಿಯಲ್ಲಿ ಕಡಲ ತೀರ, ದ್ವೀಪಗಳನ್ನು ಸುತ್ತುವ ಸಾಹಸಿಗಳಿದ್ದಾರೆ. ಉತ್ತರ ಧ್ರುವದ ಕಡೆಯ ಇನುಇಟ್ ಜನ ಬೇಟೆಗಾಗಿ ಕಟ್ಟಿದ ದೋಣಿ ಅದು. ಹಂದರದ ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು, ಅಂದರೆ ನಮ್ಮ ಹರಿಗೋಲಿನದೇ ಉಪಾಯ. 1932ರಲ್ಲಿ ಜರ್ಮನಿಯ ಆಸ್ಕರ್ ಸ್ಪೆಕ್ ಎಂಬ ತರುಣ ಮಡಚುವ ಕಯಾಕೊಂದರಲ್ಲಿ ಊರು ಬಿಟ್ಟ. ಯೂಫ್ರೆಟಿಸ್ ನದಿಯಲ್ಲಿಳಿದು, ಇರಾನಿನ ತೀರ ಹಿಡಿದು, ಕರಾಚಿಯಿಂದ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಹುಟ್ಟು ಹಾಕಿ ಸಿಂಹಳ ತಲುಪಿದ. ಅಲ್ಲಿಂದಲೂ ಮುಂದುವರಿದು 1939ರಲ್ಲಿ ಆಸ್ಟ್ರೇಲಿಯಾದ ಸೀಮೆ ಮುಟ್ಟಿದಾಗ ಯುದ್ಧ ಶುರುವಾಗಿತ್ತು, ಅವನನ್ನು ಸೆರೆಯಲ್ಲಿಟ್ಟರು. ಅದ್ಭುತ ಸಾಹಸವೇ ಸರಿ, ನಾವು ಅದನ್ನು ಮೆಚ್ಚೋಣ. ಆದರೆ ಸಾಹಸಿ ತಾನೇ ಆರಿಸಿಕೊಂಡು ನೀರಿಗಿಳಿಯುತ್ತಾನೆ. ನಮ್ಮ ನಡುಗಡ್ಡೆಗಳ ಜನಕ್ಕೆ ಆ ಆಯ್ಕೆ ಇರಲಿಲ್ಲ.

ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆ ಕವಲೊಡೆದು ಹರಿಯುವಲ್ಲಿ ಜಲದುರ್ಗವಿದೆ. ಸುತ್ತಲಿನ ನೀರನ್ನೇ ಕಂದಕ ಮಾಡಿಕೊಂಡ ಕೋಟೆಯದು. ಅದರ ಆಸುಪಾಸಿನಲ್ಲಿ ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಗಳಿವೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣವಾದ ಮೇಲೆ ಹೊಳೆಯ ಏರಿಳಿತ ಅಣೆಕಟ್ಟಿನ ಗೇಟುಗಳ ಕೈಗೂ ಸೇರಿತು. 2009ರಲ್ಲಿ, 2019ರಲ್ಲಿ ಈ ಸೀಮೆ ದೊಡ್ಡ ಪ್ರವಾಹಗಳನ್ನು ಕಂಡಿತು. ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ ಗಡ್ಡಿಗಳ ದಾರಿ ಕಡಿದುಹೋದದ್ದುಂಟು. ರಾಜರಿಗೆ ರಕ್ಷಣೆಯಾಗಿದ್ದ ನೀರು ರೈತರಿಗೆ ದಿಗ್ಬಂಧನವಾಯಿತು. ಕೆಳಗೆ ರಾಯಚೂರು ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಯ ಜನ 2020ರ ಆಗಸ್ಟ್‌ನಲ್ಲಿ ತೆಲಂಗಾಣದ ದಡದಿಂದ ದಿನಸಿ ತಂದು ಹಿಂದಿರುಗುವಾಗ ಹರಿಗೋಲು ಮಗುಚಿತು. ನಾಲ್ವರು ನೀರುಪಾಲಾದರು. ಅವರು ಹೊರಟದ್ದು ಮನೆಯ ಒಲೆಗೆ ಬೇಕಾದದ್ದನ್ನು ತರಲು. ಆಗ ಆ ಊರಿನ ಸೇತುವೆ ಪೂರ್ತಿಯಾಗಿರಲಿಲ್ಲ.

ಹರಿಗೋಲು ಹೋದರೆ ಪರಂಪರೆ ಹೋಯಿತೆಂದು ಮರುಗುವವರಿದ್ದಾರೆ. ಹಂಪಿಗೆ ಬಂದ ಪ್ರವಾಸಿಗರು ಅದರಲ್ಲಿ ಕೂತು ಒಂದು ಸುತ್ತು ಹಾಕಿ ಸಂತೋಷ ಪಡಲಿ, ತಪ್ಪಿಲ್ಲ. ಆದರೆ ಬಾಣಂತಿಯನ್ನು, ಜ್ವರದ ಮಗುವನ್ನು, ಶಾಲೆಯ ಮಕ್ಕಳನ್ನು ತುಂಬಿದ ಹೊಳೆಯಲ್ಲಿ ಬಿದಿರ ಬುಟ್ಟಿಯ ಮೇಲೆ ಬಿಟ್ಟು ಪರಂಪರೆಯನ್ನು ಉಳಿಸಬೇಕಿಲ್ಲ. ಸಾವಿರಾರು ವರ್ಷ ಸಂದೇಶಗಳನ್ನು, ಸೈನ್ಯಗಳನ್ನು, ಸರಕುಗಳನ್ನು ದಾಟಿಸಿದವರ ಮಕ್ಕಳಿಗೆ ನಾವು ತೀರಿಸಬೇಕಾದ ಋಣ ಎರಡಿದೆ. ಇತಿಹಾಸದಲ್ಲಿ ಅವರಿಗೆ ಒಂದು ಪುಟ, ಹೊಳೆಯ ಮೇಲೆ ಮುಳುಗದ ಒಂದು ಸೇತುವೆ. ಪುಟವನ್ನು ಬರೆಯುವವರು ಬರೆದಾರು. ಸೇತುವೆ ಕಟ್ಟಬೇಕಾದವರು ಮುಂದಿನ ಪ್ರವಾಹಕ್ಕೆ ಕಾಯಬಾರದು.